ಉತ್ತರ ಕೊಡುವ ಪುಟ: ವಿಜ್ಞಾನ-ಗಣಿತ ಬೋಧನೆಯ ಜಾಲತಾಣಗಳ ಪೂರ್ವೋತ್ತರ

೨೦೨೧ನೆಯ ಇಸವಿ ಜನವರಿ ೧೨ರಂದು ಲೋಕದ ನಾನಾ ಭಾಗಗಳಲ್ಲಿ ಅಸಂಖ್ಯ ಪಾಠಗಳು ಏಕಕಾಲಕ್ಕೆ ಕಣ್ಮುಚ್ಚಿದುವು. ಅಡೋಬ್ ಕಂಪನಿಯು ಫ್ಲಾಶ್ ಎಂಬ ತನ್ನ ತಂತ್ರಾಂಶಕ್ಕೆ ಹಿಂದಿನ ಡಿಸೆಂಬರ್ ೩೧ರಂದು ಬೆಂಬಲವನ್ನು ನಿಲ್ಲಿಸಿ, ಜನವರಿ ೧೨ರಿಂದ ಅದರಲ್ಲಿ ರಚಿತವಾದ ಯಾವುದೂ ಕಂಪ್ಯೂಟರಿನ ತೆರೆಯ ಮೇಲೆ ಓಡದಂತೆ ತಡೆ ಹಾಕಿತು. ಜಾಹೀರಾತುಗಳೂ ಹೊತ್ತು ಕಳೆಯುವ ಆಟಗಳೂ ಹೋದುದರಿಂದ ಯಾರಿಗೂ ಹೆಚ್ಚಿನ ಬಾಧೆಯಿಲ್ಲ. ಆದರೆ ಅವುಗಳ ಜತೆಯಲ್ಲಿಯೇ, ಅನೇಕ ಉಪಾಧ್ಯಾಯರು ವರ್ಷಗಟ್ಟಲೆ ಶ್ರಮಿಸಿ ರಚಿಸಿದ್ದ ತೂಗುವ ಲೋಲಕಗಳು, ಕಿರಣಗಳನ್ನು ಬಾಗಿಸುವ ಮಸೂರಗಳು, ಎಳೆದರೆ ಹಿಗ್ಗುವ ತ್ರಿಕೋನಗಳು ಬರಿಯ ಖಾಲಿ ಚೌಕಗಳಾಗಿ ಉಳಿದುವು. ಕಲ್ಲಿನ ಶಾಸನಕ್ಕೆ ಸಾವಿರ ವರ್ಷ ಆಯುಸ್ಸು. ತಾಳೆಯೋಲೆಗೆ ಕೆಲವು ನೂರು ವರ್ಷ. ಅಚ್ಚಿನ ಪುಸ್ತಕವೂ ಗೆದ್ದಲು ಮುಟ್ಟದಿದ್ದರೆ ಒಂದು ಶತಮಾನವನ್ನು ದಾಟುತ್ತದೆ. ಫ್ಲಾಶ್ ಪಾಠಗಳ ಆಯುಸ್ಸಾದರೋ ೧೯೯೬ರಿಂದ ೨೦೨೦ರವರೆಗೆ, ಒಟ್ಟು ಇಪ್ಪತ್ತನಾಲ್ಕು ವರ್ಷ.

ಇಷ್ಟು ಅಲ್ಪಾಯುಸ್ಸಿನ ವಸ್ತುವಿಗೆ ಇತಿಹಾಸವೆಂಬುದುಂಟೆ ಎಂದು ಯಾರಾದರೂ ಕೇಳಬಹುದು. ಉಂಟು, ಅದು ಜಾಲತಾಣಗಳಿಗಿಂತಲೂ ಹಳೆಯದು. ವಿದ್ಯಾರ್ಥಿಯು ಕೈಯಿಂದ ಏನನ್ನೋ ಮಾಡುವುದು, ಎದುರಿನ ಪುಟವು ಅದಕ್ಕೆ ತಕ್ಕ ಉತ್ತರವನ್ನು ಕೊಡುವುದು: ಈ ಒಂದು ಕಲ್ಪನೆಯು ಅರುವತ್ತು ವರ್ಷಗಳಿಗೂ ಮೀರಿ ಯಂತ್ರದಿಂದ ಯಂತ್ರಕ್ಕೆ ದಾಟುತ್ತ ಬಂದಿದೆ. ಯಂತ್ರಗಳು ಸತ್ತಿವೆ, ಕಲ್ಪನೆ ಉಳಿದಿದೆ. ಅದು ಕನ್ನಡ ಮಗುವಿನ ತನಕ ಯಾವ ದಾರಿಯಿಂದ ಬಂದಿತೆಂಬುದೇ ಪ್ರಕೃತ ವಿಚಾರ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ೧೯೬೦ರಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರು ‘ಪ್ಲೇಟೊ’ ಎಂಬ ಬೋಧನಯಂತ್ರವೊಂದನ್ನು ಸಿದ್ಧಗೊಳಿಸಿದನು. ಆ ವಿಶ್ವವಿದ್ಯಾಲಯದ ‘ಇಲಿಯಾಕ್’ ಎಂಬ ದೊಡ್ಡ ಗಣಕವೇ ಅದರ ಮಿದುಳು. ಟೆಲಿವಿಷನ್ ಪೆಟ್ಟಿಗೆಯೇ ಅದರ ಮುಖ. ಮೊದಲಿನ ಪ್ಲೇಟೊ ಒಮ್ಮೆಗೆ ಒಬ್ಬನೇ ವಿದ್ಯಾರ್ಥಿಗೆ ಪಾಠ ಹೇಳಬಲ್ಲುದಾಗಿದ್ದಿತು. ಒಬ್ಬ ಹುಡುಗನಿಗಾಗಿ ಒಂದು ಕೊಠಡಿಯಷ್ಟು ಯಂತ್ರ! ಆದರೂ ಕೆಲಸವು ನಿಲ್ಲಲಿಲ್ಲ. ೧೯೭೨ರಲ್ಲಿ ಬಂದ ನಾಲ್ಕನೆಯ ಪ್ಲೇಟೊ ಕಿತ್ತಳೆ ಬಣ್ಣದಲ್ಲಿ ಬೆಳಗುವ ಚಪ್ಪಟೆ ತೆರೆಯನ್ನು ಹೊಂದಿದ್ದಿತು. ಬೆರಳಿನಿಂದ ಮುಟ್ಟಿದರೆ ಅದು ಗುರುತಿಸುತ್ತಿದ್ದಿತು. ಇಂದು ಪ್ರತಿಯೊಂದು ಮನೆಯಲ್ಲಿ ಮಕ್ಕಳು ಬೆರಳಾಡಿಸುವ ಗಾಜಿನ ಪೂರ್ವಜ ಅದೇ ಎಂದರೆ ತಪ್ಪಾಗಲಾರದು.

ಅದೇ ಕಾಲದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಪ್ಯಾಟ್ರಿಕ್ ಸಪೀಸನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಣಕದ ಮೂಲಕ ಲೆಕ್ಕದ ಅಭ್ಯಾಸ ಮಾಡಿಸುತ್ತಿದ್ದನು. ಅಲ್ಲಿ ಯಂತ್ರವು ಲೆಕ್ಕವನ್ನು ಕೇಳುವುದು, ಮಗು ಉತ್ತರವನ್ನು ಒತ್ತುವುದು, ಯಂತ್ರವು ಸರಿ ಅಥವಾ ತಪ್ಪು ಎನ್ನುವುದು. ಹೀಗೆ ಆರಂಭದಲ್ಲಿಯೇ ಎರಡು ವಂಶಗಳು ಕವಲೊಡೆದುವು. ಒಂದರಲ್ಲಿ ಯಂತ್ರವು ಪರೀಕ್ಷಕ. ಇನ್ನೊಂದರಲ್ಲಿ ಅದು ಪ್ರಯೋಗಶಾಲೆ. ಇಂದಿನ ಜಾಲತಾಣಗಳನ್ನೂ ಈ ಎರಡು ವಂಶಗಳಲ್ಲಿಯೇ ವಿಂಗಡಿಸಬಹುದು. ಸಲ್ಮಾನ್ ಖಾನನು ತನ್ನ ದೂರದ ಊರಿನ ಬಂಧುವಿಗೆ ೨೦೦೪ರಲ್ಲಿ ಲೆಕ್ಕ ಹೇಳಿಕೊಡುತ್ತ ಆರಂಭಿಸಿ, ೨೦೦೮ರಲ್ಲಿ ಸಂಸ್ಥೆಯಾಗಿ ರೂಪುಗೊಳಿಸಿದ ಖಾನ್ ಅಕಾಡೆಮಿಯು ಬಹುಮಟ್ಟಿಗೆ ಮೊದಲನೆಯ ವಂಶಕ್ಕೆ ಸೇರಿದ್ದು. ಕನ್ನಡದಲ್ಲಿಯೂ ಅದರ ಪಾಠಗಳಿವೆ. ಅಭ್ಯಾಸಕ್ಕೆ ಅದರಿಂದ ಉಪಕಾರವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪರೀಕ್ಷಕರಿಗೆ ಈ ದೇಶದಲ್ಲಿ ಎಂದೂ ಕೊರತೆಯಿರಲಿಲ್ಲ. ಕೊರತೆಯಿದ್ದುದು ಪ್ರಯೋಗಶಾಲೆಗೆ. ಆದ್ದರಿಂದ ಮುಂದಿನ ಮಾತೆಲ್ಲ ಎರಡನೆಯ ವಂಶವನ್ನು ಕುರಿತದ್ದು.

ಈ ವಂಶದ ಗುಣವು ಪ್ಲೇಟೊ ಯಂತ್ರದ ಒಂದು ಸಣ್ಣ ಪಾಠದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಶ್ಯಾರನ್ ಡಗ್ಡೇಲ್ ಎಂಬಾಕೆ ಭಿನ್ನರಾಶಿಗಳಿಗಾಗಿ ‘ಡಾರ್ಟ್ಸ್’ ಎಂಬ ಆಟವನ್ನು ರೂಪಿಸಿದಳು. ತೆರೆಯ ಮೇಲೆ ಒಂದು ಸಂಖ್ಯಾರೇಖೆ. ಅದಕ್ಕೆ ಅಲ್ಲಲ್ಲಿ ಅಂಟಿಕೊಂಡಿರುವ ಬೆಲೂನುಗಳು. ಬೆಲೂನಿರುವ ಸ್ಥಾನದ ಸಂಖ್ಯೆಯನ್ನು ಮಗು ಊಹಿಸಿ ಒತ್ತಿದರೆ ಬಾಣವೊಂದು ಹಾರಿ ಆ ಸ್ಥಾನಕ್ಕೆ ನೆಡುತ್ತದೆ. ಊಹೆ ಸರಿಯಾದರೆ ಬೆಲೂನು ಒಡೆಯುತ್ತದೆ. ತಪ್ಪಾದರೆ? ಸ್ವಾರಸ್ಯವಿರುವುದು ಇಲ್ಲಿಯೇ. ಯಂತ್ರವು ‘ತಪ್ಪು’ ಎಂದು ಗದರಿಸುವುದಿಲ್ಲ. ಬಾಣವು ಮಗು ಹೇಳಿದ ಸ್ಥಾನದಲ್ಲಿಯೇ ಹೋಗಿ ನಾಟಿಕೊಂಡು ನಿಲ್ಲುತ್ತದೆ. ಮೂರನೆಯ ಒಂದು ಎಂದು ಒತ್ತಿದ ಮಗುವಿಗೆ ಮೂರನೆಯ ಒಂದು ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತದೆ. ಬೆಲೂನು ಅದಕ್ಕಿಂತ ತುಸು ಮೇಲಿದೆಯೆಂಬುದೂ ಕಾಣುತ್ತದೆ. ಮುಂದಿನ ಊಹೆಯು ಹಿಂದಿನ ತಪ್ಪಿನಿಂದಲೇ ಹುಟ್ಟುತ್ತದೆ. ತಪ್ಪು ಉತ್ತರವು ತಾನೇ ಪಾಠವಾಗುವುದೆಂದರೆ ಇದು.

ಪ್ಲೇಟೊ ಪಾಠಗಳ ಫಲವನ್ನು ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವೀಸ್ ಸಂಸ್ಥೆಯು ಎಪ್ಪತ್ತರ ದಶಕದಲ್ಲಿ ಪರಿಶೀಲಿಸಿತು. ಪ್ರಾಥಮಿಕ ಗಣಿತದಲ್ಲಿ ಸ್ಪಷ್ಟವಾದ ಲಾಭ ಕಂಡುಬಂದಿತು. ಕಿರಿಯ ಕಾಲೇಜುಗಳ ಪಾಠಗಳಲ್ಲಿ ಗಣನೀಯವಾದ ವ್ಯತ್ಯಾಸವೇನೂ ಕಾಣಲಿಲ್ಲ. ಯಂತ್ರ ಒಂದೇ, ಪಾಠಗಳು ಬೇರೆ. ಯಂತ್ರವನ್ನು ಕೊಂಡುಕೊಟ್ಟ ಮಾತ್ರಕ್ಕೆ ವಿದ್ಯೆ ಹೆಚ್ಚುವುದೆಂದು ನಂಬಿದ ಎಷ್ಟೋ ಸರಕಾರಗಳು ಈ ವರದಿಯನ್ನು ಓದಿದ್ದರೆ ಬೊಕ್ಕಸಕ್ಕೆ ಕೊಂಚ ಉಳಿತಾಯವಾಗುತ್ತಿದ್ದಿತು. ಪ್ಲೇಟೊವಿನ ವೆಚ್ಚವೇ ಅದಕ್ಕೆ ಮೃತ್ಯುವಾಯಿತು. ಅದರ ಕೊನೆಯ ವಾರಸುದಾರನಾದ ನೋವಾನೆಟ್ ೨೦೧೫ರಲ್ಲಿ ನಿಂತುಹೋಯಿತು.

ಪ್ರಯೋಗಶಾಲೆಯ ವಂಶದಲ್ಲಿ ಇನ್ನೊಂದು ಮುಖ್ಯ ಹೆಸರು ‘ಲೋಗೊ’. ೧೯೬೭ರಲ್ಲಿ ವಾಲಿ ಫರ್ಜಿಗ್, ಸಿಂಥಿಯಾ ಸಾಲೊಮನ್ ಮತ್ತು ಸೇಮರ್ ಪ್ಯಾಪರ್ಟ್ ಇವರು ಮಕ್ಕಳಿಗಾಗಿ ರೂಪಿಸಿದ ಗಣಕಭಾಷೆ ಇದು. ಪ್ಯಾಪರ್ಟನು ಜಿನೀವಾದಲ್ಲಿ ಮಕ್ಕಳ ಬುದ್ಧಿವಿಕಾಸವನ್ನು ಕುರಿತು ಪಿಯಾಜೆಯ ಜತೆಯಲ್ಲಿ ಕೆಲಸ ಮಾಡಿ ಬಂದಿದ್ದ ಗಣಿತಜ್ಞ. ಲೋಗೊವಿನಲ್ಲಿ ಒಂದು ಆಮೆಯುಂಟು. ಮುಂದಕ್ಕೆ ಇಷ್ಟು ಹೋಗು, ಬಲಕ್ಕೆ ಇಷ್ಟು ಅಂಶ ತಿರುಗು ಎಂದರೆ ಅದು ಗೆರೆ ಎಳೆಯುತ್ತ ಹೋಗುತ್ತದೆ. ಸಮಬಾಹು ತ್ರಿಕೋನದ ಕೋನ ೬೦ ಅಂಶವೆಂದು ಕಂಠಪಾಠ ಮಾಡಿದ ಮಗುವು, ನೂರು ಹೆಜ್ಜೆ ಹೋಗಿ ಅರುವತ್ತು ಅಂಶ ತಿರುಗೆಂದು ಮೂರು ಸಲ ಅಪ್ಪಣೆ ಮಾಡಿದರೆ ತ್ರಿಕೋನವಾಗುವುದಿಲ್ಲ. ಷಟ್ಕೋನದ ಅರ್ಧಭಾಗ ಮಾತ್ರ ಮೂಡಿ ಬಾಯ್ದೆರೆದು ನಿಲ್ಲುತ್ತದೆ. ಆಮೆಯು ತಿರುಗಬೇಕಾದುದು ಒಳಕೋನದಷ್ಟಲ್ಲ, ಬಾಹ್ಯಕೋನದಷ್ಟು, ಎಂದರೆ ೧೨೦ ಅಂಶ. ಪುಸ್ತಕದ ಮೂಲೆಯಲ್ಲಿ ಅನಾದರದಿಂದ ಬಿದ್ದಿದ್ದ ಬಾಹ್ಯಕೋನವು ಹೀಗೆ ಮಗುವಿಗೆ ಅಗತ್ಯದ ವಸ್ತುವಾಗುತ್ತದೆ.

ಈವರೆಗಿನದೆಲ್ಲ ಆಯಾ ಯಂತ್ರದ ಎದುರು ಕುಳಿತವರಿಗೆ ಮಾತ್ರ ಲಭ್ಯವಾಗಿದ್ದಿತು. ಪರಿಸ್ಥಿತಿಯನ್ನು ಬದಲಾಯಿಸಿದುದು ಜಾಲ. ಟಿಮ್ ಬರ್ನರ್ಸ್-ಲೀ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ನಿರ್ಮಿಸಿದ ವಿಶ್ವವ್ಯಾಪಿ ಜಾಲವನ್ನು ಆ ಸಂಸ್ಥೆಯು ೧೯೯೩ರ ಏಪ್ರಿಲ್ ೩೦ರಂದು ಯಾವ ಶುಲ್ಕವೂ ಇಲ್ಲದೆ ಲೋಕದ ಬಳಕೆಗೆ ಬಿಟ್ಟುಕೊಟ್ಟಿತು. ೧೯೯೫ರಲ್ಲಿ ಸನ್ ಕಂಪನಿಯ ಜಾವಾ ಬಂದಿತು. ಅದರಿಂದ ಪುಟದ ನಡುವೆ ಚಲಿಸುವ, ಮುಟ್ಟಿದರೆ ಮಾರ್ನುಡಿಯುವ ಚಿಕ್ಕ ಯಂತ್ರಗಳನ್ನು ಕೂರಿಸುವುದು ಸಾಧ್ಯವಾಯಿತು. ಇವಕ್ಕೆ ಆ್ಯಪ್ಲೆಟ್ ಎಂದು ಹೆಸರು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದೂ ಅದೇ ವರ್ಷದ ಆಗಸ್ಟ್ ೧೫ರಂದು. ತೈವಾನಿನ ಭೌತಶಾಸ್ತ್ರ ಅಧ್ಯಾಪಕ ಫು-ಕ್ವುನ್ ಹ್ವಾಂಗ್, ಅಮೆರಿಕದ ಡೇವಿಡ್ಸನ್ ಕಾಲೇಜಿನ ವುಲ್ಫ್‌ಗ್ಯಾಂಗ್ ಕ್ರಿಶ್ಚಿಯನ್ ಮೊದಲಾದವರು ತಮ್ಮ ವಿದ್ಯಾರ್ಥಿಗಳಿಗಾಗಿ ರಚಿಸಿದ ಆ್ಯಪ್ಲೆಟುಗಳು ಹೀಗೆ ಇಡೀ ಲೋಕಕ್ಕೆ ಸಿಕ್ಕಿದುವು.

ಇವರ ಸಾಲಿನಲ್ಲಿ ಬಂದು ಎಲ್ಲರನ್ನೂ ಮೀರಿಸಿದ ಯತ್ನವೊಂದರ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಕೊಲರಾಡೊ ವಿಶ್ವವಿದ್ಯಾಲಯದ ಕಾರ್ಲ್ ವೀಮನ್ ೨೦೦೧ರಲ್ಲಿ ಎರಿಕ್ ಕಾರ್ನೆಲ್ ಮತ್ತು ವುಲ್ಫ್‌ಗ್ಯಾಂಗ್ ಕೆಟರ್ಲೆ ಇವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದ ಭೌತವಿಜ್ಞಾನಿ. ಬೋಸ್ ಮತ್ತು ಐನ್‌ಸ್ಟೈನರು ೧೯೨೪-೨೫ರಲ್ಲಿ ಊಹಿಸಿದ್ದ ದ್ರವ್ಯಸ್ಥಿತಿಯನ್ನು ಪ್ರಯೋಗದಲ್ಲಿ ಸಾಧಿಸಿ ತೋರಿಸಿದುದು ಇವರ ಕೀರ್ತಿ. ಈ ಗಹನವಾದ ವಿಷಯವನ್ನು ಕುರಿತು ಸಾರ್ವಜನಿಕ ಭಾಷಣ ಮಾಡುವಾಗ ವೀಮನನು ತನ್ನ ವಿಶ್ವವಿದ್ಯಾಲಯದ ‘ಫಿಸಿಕ್ಸ್ ೨೦೦೦’ ಎಂಬ ಜಾಲತಾಣದ ಆ್ಯಪ್ಲೆಟುಗಳನ್ನು ತೋರಿಸುತ್ತಿದ್ದನು. ಜನರ ನೆನಪಿನಲ್ಲಿ ಉಳಿಯುತ್ತಿದ್ದುದು ಭಾಷಣವಲ್ಲ, ಆ ಚಲಿಸುವ ಚಿತ್ರಗಳು ಎಂಬುದು ಅವನ ಅನುಭವಕ್ಕೆ ಬಂದಿತು. ೨೦೦೨ರಲ್ಲಿ ಅವನು ಆರಂಭಿಸಿದ ಕಾರ್ಯವೇ ‘ಫೆಟ್’. ಸಿಮ್ಯುಲೇಷನ್ ಎಂದು ಕರೆಯಲಾಗುವ ಈ ಬಗೆಯ ರಚನೆಗಳಿಗೆ ಇಲ್ಲಿ ಅನುಕೃತಿ ಎಂಬ ಹೆಸರನ್ನು ಇಟ್ಟುಕೊಳ್ಳಬಹುದು. ಈವರೆಗೆ ಫೆಟ್ ಅನುಕೃತಿಗಳನ್ನು ನೂರು ಕೋಟಿಗೂ ಹೆಚ್ಚು ಸಲ ಲೋಕದ ಜನರು ತೆರೆದು ನೋಡಿದ್ದಾರೆ.

ಅವುಗಳಲ್ಲಿ ಒಂದು ವಿದ್ಯುನ್ಮಂಡಲವನ್ನು ಕುರಿತದ್ದು. ತೆರೆಯ ಪಕ್ಕದಲ್ಲಿ ತಂತಿ, ಬ್ಯಾಟರಿ, ಬಲ್ಬು, ಸ್ವಿಚ್ಚುಗಳು ಇರುತ್ತವೆ. ವಿದ್ಯಾರ್ಥಿಯು ಅವುಗಳನ್ನು ಎಳೆದು ತಂದು ಜೋಡಿಸಬೇಕು. ಜೋಡಣೆ ಪೂರ್ಣವಾದೊಡನೆ ಬಲ್ಬು ಹೊತ್ತಿ ಕಿರಣಗಳನ್ನು ಚೆಲ್ಲುತ್ತದೆ. ತಂತಿಯೊಳಗೆ ನೀಲಿ ಮಣಿಗಳಂತೆ ಎಲೆಕ್ಟ್ರಾನುಗಳು ಸರಿಯುವುದು ಕಾಣುತ್ತದೆ. ಬ್ಯಾಟರಿಯ ಎರಡು ತುದಿಗಳನ್ನು ಬರಿಯ ತಂತಿಯಿಂದ ಕೂಡಿಸಿದರೆ ಅದಕ್ಕೆ ಬೆಂಕಿ ಹತ್ತುತ್ತದೆ. ಮಕ್ಕಳು ಎಲ್ಲಕ್ಕಿಂತ ಮೊದಲು ಕಂಡುಹಿಡಿಯುವ ಸಂಗತಿ ಬಹುಶಃ ಇದೇ.

ಮಕ್ಕಳ ಮನಸ್ಸಿನಲ್ಲಿ, ಅಷ್ಟೇಕೆ, ಪದವಿ ಪಡೆದವರ ಮನಸ್ಸಿನಲ್ಲಿಯೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯುಂಟು: ಬಲ್ಬು ವಿದ್ಯುತ್ಪ್ರವಾಹವನ್ನು ನುಂಗಿಬಿಡುತ್ತದೆ, ಆದ್ದರಿಂದ ಬಲ್ಬಿನಿಂದ ಹೊರಗೆ ಬರುವ ಪ್ರವಾಹವು ಒಳಗೆ ಹೋದುದಕ್ಕಿಂತ ಕಡಮೆ ಎಂಬುದು. ದೀಪಕ್ಕೆ ಎಣ್ಣೆ ತೀರುವಂತೆ ಎಂದು ಮನಸ್ಸು ತಾನಾಗಿಯೇ ಹೋಲಿಸಿಕೊಳ್ಳುತ್ತದೆ. ಬಲ್ಬಿನ ಆಚೆಗೂ ಈಚೆಗೂ ಪ್ರವಾಹ ಒಂದೇ ಎಂದು ಉಪಾಧ್ಯಾಯರು ಎಷ್ಟು ಸಲ ಹೇಳಿದರೂ ಪರೀಕ್ಷೆ ಮುಗಿದ ಮರುದಿನವೇ ಎಣ್ಣೆಯ ದೀಪ ಮರಳಿ ಹೊತ್ತಿಕೊಳ್ಳುತ್ತದೆ. ಅನುಕೃತಿಯಲ್ಲಿಯಾದರೋ ನೀಲಿ ಮಣಿಗಳು ಬಲ್ಬಿನ ಎರಡು ಕಡೆಗಳಲ್ಲಿಯೂ ಒಂದೇ ವೇಗದಿಂದ ಸಾಗುವುದು ಕಣ್ಣೆದುರಿಗೇ ಇರುತ್ತದೆ. ಇನ್ನೊಂದು ಬಲ್ಬನ್ನು ಸಾಲಿನಲ್ಲಿ ಸೇರಿಸಿದರೆ ಇಡೀ ಮಾಲೆಯೇ ನಿಧಾನವಾಗುತ್ತದೆ. ಎರಡೂ ಬಲ್ಬುಗಳು ಮಂಕಾಗುತ್ತವೆ. ನಿಜವಾದ ತಂತಿಯೊಳಗೆ ಯಾರ ಕಣ್ಣೂ ಹೋಗಲಾರದು. ಅನುಕೃತಿಯು ನಿಜವಾದ ಪ್ರಯೋಗಕ್ಕೆ ಬಡವರ ಬದಲಿ ಎಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು.

ಫೆಟ್ ಬಳಗದ ನೋಆ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೂ ಒಳಪಡಿಸಿದರು. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ನಿಜವಾದ ಬಲ್ಬು ತಂತಿಗಳಿಂದಲೂ ಇನ್ನೊಂದು ಗುಂಪು ಅನುಕೃತಿಯಿಂದಲೂ ಅಭ್ಯಾಸ ಮಾಡಿತು. ತರುವಾಯ ಎರಡು ಗುಂಪುಗಳಿಗೂ ನಿಜವಾದ ಸಾಮಗ್ರಿಯನ್ನೇ ಕೊಟ್ಟು ಮಂಡಲವನ್ನು ಜೋಡಿಸಿ ವಿವರಿಸಬೇಕೆಂದು ಹೇಳಲಾಯಿತು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅದುವರೆಗೆ ನಿಜವಾದ ತಂತಿಯನ್ನು ಮುಟ್ಟದಿದ್ದ ಗುಂಪೇ ಮೇಲಾಗಿದ್ದಿತು. ಇದರಿಂದ ಪ್ರಯೋಗಶಾಲೆಗಳಿಗೆ ಬೀಗ ಹಾಕಬಹುದೆಂಬ ತೀರ್ಮಾನಕ್ಕೆ ಬರುವುದು ಮಾತ್ರ ಅವಿವೇಕ. ಸಡಿಲವಾದ ತಿರುಪು, ತುಕ್ಕು ಹಿಡಿದ ತುದಿ, ಪ್ರತಿಸಲವೂ ಬೇರೆಬೇರೆಯಾಗಿ ಬರುವ ಅಳತೆ ಇವೂ ವಿಜ್ಞಾನದ ಪಾಠಗಳೇ. ಅಚ್ಚುಕಟ್ಟಾದ ತೆರೆಯ ಮೇಲೆ ಇವು ದೊರೆಯುವುದಿಲ್ಲ.

ಅನುಕೃತಿಯನ್ನು ಹೊರಬಿಡುವ ಮುನ್ನ ಫೆಟ್ ಬಳಗದವರು ಒಬ್ಬೊಬ್ಬ ವಿದ್ಯಾರ್ಥಿಯನ್ನೇ ಕೂರಿಸಿ, ಮನಸ್ಸಿನಲ್ಲಿ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಅದನ್ನು ಬಳಸಲು ತಿಳಿಸಿ, ತಾವು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಒಂದು ವಿಶೇಷವು ಅವರ ಗಮನಕ್ಕೆ ಬಂದಿತು. ಮೊದಲು ಇದನ್ನು ಒತ್ತು, ಅನಂತರ ಅದನ್ನು ಎಳೆ ಎಂದು ಮೆಟ್ಟಲು ಮೆಟ್ಟಲಾಗಿ ಅಪ್ಪಣೆ ಕೊಟ್ಟರೆ ವಿದ್ಯಾರ್ಥಿಯು ಅಷ್ಟನ್ನೇ ಮಾಡಿ ಸುಮ್ಮನಾಗುವನು. ಒಂದು ಪ್ರಶ್ನೆಯನ್ನು ಮಾತ್ರ ಎದುರಿಗಿಟ್ಟು ಬಿಟ್ಟುಬಿಟ್ಟರೆ ತಾನೇ ಅದನ್ನೂ ಇದನ್ನೂ ಮಾಡಿ ನೋಡುವನು. ಪ್ರಯೋಗದ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂದು ನಾಲ್ಕು ತಲೆಬರಹಗಳಲ್ಲಿ ಮೊದಲೇ ಬರೆಸಿ ಅನಂತರ ಪ್ರಯೋಗ ಮಾಡಿಸುವ, ಅಥವಾ ಮಾಡಿಸದೆಯೇ ಬಿಡುವ, ಪದ್ಧತಿಯಲ್ಲಿ ಓದಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾದೀತು.

ಗಣಿತದಲ್ಲಿ ಇದೇ ಕಾರ್ಯವನ್ನು ಮಾಡಿದುದು ಜಿಯೋಜೀಬ್ರ. ಇದಕ್ಕೆ ಹಿಂದೆ ಫ್ರಾನ್ಸಿನಲ್ಲಿ ಕ್ಯಾಬ್ರಿ, ಅಮೆರಿಕದಲ್ಲಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶಗಳಿದ್ದುವು. ಆದರೆ ಅವು ಹಣಕೊಟ್ಟು ಕೊಳ್ಳಬೇಕಾದವು. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ತರುಣನು ಜಾಲ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ೨೦೦೧ರಲ್ಲಿ ಸ್ನಾತಕೋತ್ತರ ಪ್ರಬಂಧಕ್ಕಾಗಿ ಆರಂಭಿಸಿದ ಕೆಲಸವು ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಉಚಿತವಾಗಿ ದೊರೆಯಿತು. ಕಾಗದದ ಮೇಲೆ ಬರೆದ ಚತುರ್ಭುಜವು ಒಂದೇ ಚತುರ್ಭುಜ. ಜಿಯೋಜೀಬ್ರದಲ್ಲಿ ಬರೆದ ಚತುರ್ಭುಜದ ಮೂಲೆಯನ್ನು ಹಿಡಿದು ಎಳೆದರೆ ಅದು ಲೆಕ್ಕವಿಲ್ಲದಷ್ಟು ಚತುರ್ಭುಜಗಳಾಗುತ್ತದೆ. ನಾಲ್ಕು ಭುಜಗಳ ಮಧ್ಯಬಿಂದುಗಳನ್ನು ಕೂಡಿಸಿ ನೋಡಿದರೆ, ಹೊರಗಿನ ಆಕೃತಿಯನ್ನು ಎಷ್ಟು ವಕ್ರವಾಗಿ ಎಳೆದರೂ ಒಳಗಿನದು ಸಮಾನಾಂತರ ಚತುರ್ಭುಜವಾಗಿಯೇ ಇರುತ್ತದೆ. ಏಕೆ ಎಂಬ ಪ್ರಶ್ನೆಯು ಆಗ ತಾನಾಗಿಯೇ ಏಳುತ್ತದೆ. ಏಳದಿದ್ದರೆ ಉಪಾಧ್ಯಾಯರು ಎಬ್ಬಿಸಬೇಕು. ಎಳೆದು ನೋಡಿ ನಿಜವೆಂದು ಕಂಡಿತು, ಇನ್ನು ಸಾಧನೆ ಏತಕ್ಕೆ ಎಂಬ ಮನೋಭಾವ ಬೆಳೆದರೆ ರೇಖಾಗಣಿತವು ಬರಿಯ ಬೊಂಬೆಯಾಟವಾದೀತು. ತ್ರಿಕೋನದ ಮೂರು ಕೋನಗಳನ್ನು ಒಂದು ದಶಮಾಂಶಕ್ಕೆ ಅಳೆದು ತೋರಿಸುವ ತೆರೆಯು ಒಮ್ಮೊಮ್ಮೆ ಮೊತ್ತವನ್ನು ೧೭೯.೯ ಅಂಶವಾಗುವಂತೆಯೂ ತೋರಿಸುವುದುಂಟು. ಜಾಣ ಉಪಾಧ್ಯಾಯನು ಅದನ್ನು ಮುಚ್ಚಿಡದೆ, ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತಾನೆ.

ಕರ್ನಾಟಕದ ಸರಕಾರಿ ಪ್ರೌಢಶಾಲೆಗಳ ಗಣಿತ-ವಿಜ್ಞಾನ ಉಪಾಧ್ಯಾಯರಿಗೆ ಈ ತಂತ್ರಾಂಶಗಳ ಪರಿಚಯವಾದುದು ೨೦೧೧ರ ಅನಂತರದ ವರ್ಷಗಳಲ್ಲಿ. ರಾಜ್ಯದ ಶಿಕ್ಷಣ ಸಂಶೋಧನ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ವಿಷಯವಾರು ಉಪಾಧ್ಯಾಯರ ವೇದಿಕೆಯನ್ನು ನಡೆಸಿದುವು; ಉಪಾಧ್ಯಾಯರು ತಾವೇ ಪಾಠಸಾಮಗ್ರಿಯನ್ನು ರಚಿಸಿ ಸೇರಿಸಬಹುದಾದ ಕನ್ನಡ-ಇಂಗ್ಲಿಷ್ ಮುಕ್ತ ಸಂಪನ್ಮೂಲ ತಾಣವೊಂದು ಇದರ ಫಲ. ಕೇಂದ್ರ ಸರಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಭಾಗಿಯಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಜಾಲದ ಪ್ರಯೋಗಗಳನ್ನು ಒದಗಿಸಿದೆ. ಶಾಲೆಗಳಿಗಾಗಿ ಓಲ್ಯಾಬ್ಸ್ ಎಂಬುದನ್ನು ಅಮೃತ ವಿಶ್ವವಿದ್ಯಾಪೀಠವೂ ಮುಂಬಯಿಯ ಸಿ-ಡ್ಯಾಕ್ ಸಂಸ್ಥೆಯೂ ಕೂಡಿ ನಿರ್ಮಿಸಿದುವು.

ಇಷ್ಟಾಗುವ ಹೊತ್ತಿಗೆ ನೆಲವೇ ಕುಸಿಯತೊಡಗಿದ್ದಿತು. ೨೦೧೦ರಲ್ಲಿ ಬಂದ ಆ್ಯಪಲ್ ಕಂಪನಿಯ ಐಪ್ಯಾಡ್ ಫ್ಲಾಶನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ೨೦೧೫ರಲ್ಲಿ ಕ್ರೋಮ್ ಬ್ರೌಸರು ಜಾವಾ ಆ್ಯಪ್ಲೆಟುಗಳಿಗೆ ಬಾಗಿಲು ಮುಚ್ಚಿತು. ೨೦೧೭ರ ಜುಲೈಯಲ್ಲಿ ಅಡೋಬ್ ತನ್ನ ನಿರ್ಧಾರವನ್ನು ಸಾರಿತು. ಒಬ್ಬೊಬ್ಬರೇ ಅಧ್ಯಾಪಕರು ಬಿಡುವಿನ ವೇಳೆಯಲ್ಲಿ ಕಟ್ಟಿದ್ದ ತಾಣಗಳಲ್ಲಿ ಬಹುಪಾಲು ಹೀಗೆಯೇ ಅಳಿದುವು. ಕಟ್ಟಿದವರಲ್ಲಿ ಎಷ್ಟೋ ಜನ ಆ ವೇಳೆಗೆ ನಿವೃತ್ತರಾಗಿದ್ದರು. ಫೆಟ್ ಬಳಗವು ಉಳಿದುಕೊಂಡಿತು. ಅದಕ್ಕೆ ಸಂಬಳ ಪಡೆಯುವ ಕೆಲಸಗಾರರಿದ್ದರು, ಅವರಿಗೆ ಸಂಬಳ ಕೊಡುವ ದತ್ತಿಗಳಿದ್ದುವು. ಹಳೆಯದನ್ನು ಒಂದೊಂದಾಗಿ ಹೊಸ ವಿಧಾನದಲ್ಲಿ, ಬ್ರೌಸರಿಗೆ ಸಹಜವಾದ ಎಚ್‌ಟಿಎಂಎಲ್‌-೫ರಲ್ಲಿ, ಮತ್ತೆ ಬರೆಯಲು ಹಲವು ವರ್ಷಗಳೇ ಹಿಡಿದುವು. ಹೊಸ ಕಟ್ಟಡಕ್ಕೆ ಹಣ ಕೊಡುವವರು ದೊರೆಯುತ್ತಾರೆ, ಸುಣ್ಣ ಬಳಿಯುವುದಕ್ಕೆ ದೊರೆಯುವುದಿಲ್ಲ ಎಂಬುದು ದೇವಸ್ಥಾನಗಳಿಗೂ ಸಂಘಸಂಸ್ಥೆಗಳಿಗೂ ಅನ್ವಯಿಸುವ ಮಾತು. ಜಾಲತಾಣಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಯೋಜನೆಯ ಲೆಕ್ಕಪತ್ರದಲ್ಲಿ ನಿರ್ಮಾಣದ ವೆಚ್ಚಕ್ಕೆ ಒಂದು ಸಾಲು ಇರುತ್ತದೆ. ಹತ್ತು ವರ್ಷದ ಅನಂತರದ ನಿರ್ವಹಣೆಗೆ ಸಾಲೇ ಇರುವುದಿಲ್ಲ. ಜಿಯೋಜೀಬ್ರದ ಕಥೆ ಇನ್ನೊಂದು ಬಗೆಯದು. ಅದನ್ನು ೨೦೨೧ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿಯು ಕೊಂಡುಕೊಂಡಿತು. ಆ ಕಂಪನಿಯೇ ೨೦೨೪ರ ಜುಲೈಯಲ್ಲಿ ದಿವಾಳಿ ನಡಾವಳಿಗೆ ಗುರಿಯಾಯಿತು. ಉಚಿತವೆಂದು ಲಕ್ಷಾಂತರ ಉಪಾಧ್ಯಾಯರು ನೆಚ್ಚಿದ ವಸ್ತುವಿನ ಒಡೆತನ ಯಾರ ಕೈಯಲ್ಲಿದೆ ಎಂಬುದು ಶಿಕ್ಷಣಶಾಸ್ತ್ರದ ಪ್ರಶ್ನೆಯಾಗಿ ಕಾಣದಿರಬಹುದು. ಆದರೆ ಅದನ್ನು ಕೇಳದೆ ವಿಧಿಯಿಲ್ಲ.

ಕನ್ನಡವು ಈ ಪುಟಗಳೊಳಗೆ ಬಂದ ಬಗೆಯು ಕುತೂಹಲಕರವಾಗಿದೆ. ಯೂನಿಕೋಡಿನಲ್ಲಿ ಕನ್ನಡ ಲಿಪಿಗೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ, ಯಂತ್ರವು ಲಿಪಿಯನ್ನು ಬಲ್ಲುದಾದರೆ ಸಾಲದು. ಅನುಕೃತಿಯನ್ನು ರಚಿಸಿದವರು ಗುಂಡಿಗಳ ಮೇಲಿನ ಪದಗಳನ್ನು ಚಿತ್ರದೊಳಗೆ ಬೆಸೆದುಬಿಟ್ಟಿದ್ದರೆ, ಅನುವಾದವೆಂದರೆ ಇಡೀ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದಂತೆ. ಫೆಟ್ ಬಳಗದವರು ಪದಗಳನ್ನು ಯಂತ್ರದಿಂದ ಬೇರ್ಪಡಿಸಿ ಪಟ್ಟಿಯಾಗಿ ಇಟ್ಟರು. ಒಂದು ಕಡೆ ಇಂಗ್ಲಿಷ್ ಪದಗಳ ಸಾಲು, ಪಕ್ಕದಲ್ಲಿ ಖಾಲಿ ಸಾಲು; ಬಲ್ಲವರು ತುಂಬಿಕೊಡಬಹುದು. ನೂರಕ್ಕೂ ಹೆಚ್ಚು ಭಾಷೆಗಳು ಈ ಬಾಗಿಲಿನಿಂದ ಒಳಗೆ ಬಂದಿವೆ, ಕನ್ನಡವೂ ಅವುಗಳಲ್ಲೊಂದು.

ಬಾಗಿಲೇನೋ ತೆರೆಯಿತು, ತೊಡಕುಗಳು ಹೊಸ ರೂಪದಲ್ಲಿ ಎದುರಾದುವು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದಾಗ ಅವರ ಎದುರಿಗಿದ್ದುದು ಪುಸ್ತಕದ ಪುಟ. ಅಲ್ಲಿ ಹೊಸ ಪದವೊಂದನ್ನು ಇಟ್ಟರೆ ಮುಂದಿನ ವಾಕ್ಯದಲ್ಲಿ ಅದನ್ನು ಬಿಡಿಸಿ ಹೇಳುವುದಕ್ಕೆ ಅವಕಾಶವುಂಟು. ತೆರೆಯ ಮೇಲಿನ ಗುಂಡಿಗೆ ಮುಂದಿನ ವಾಕ್ಯವೆಂಬುದಿಲ್ಲ. ಒತ್ತುವ ಮೊದಲೇ ಪದವು ಅರ್ಥವಾಗಬೇಕು. ಐದಾರು ಅಕ್ಷರಗಳಲ್ಲಿ ಅಡಗಬೇಕು. ಪಠ್ಯಪುಸ್ತಕದ ‘ವಿಭವಾಂತರ’ವನ್ನು ಇಡುವುದೋ, ಅಂಗಡಿಯವನೂ ಬಲ್ಲ ‘ವೋಲ್ಟೇಜ್’ ಎಂಬುದನ್ನು ಇಡುವುದೋ? ಮಗು ಪರೀಕ್ಷೆಯಲ್ಲಿ ಬರೆಯಬೇಕಾದುದು ಮೊದಲನೆಯದು; ಮನೆಯಲ್ಲಿ ಕೇಳಿರುವುದು ಎರಡನೆಯದು. ಪಠ್ಯಪುಸ್ತಕದ ಪದವನ್ನು ಇಟ್ಟರೆ ಶಾಲೆಗೂ ತೆರೆಗೂ ಹೊಂದಾಣಿಕೆಯಾಗುವುದೆಂಬುದೇ ಹೆಚ್ಚು ಸಾಧುವಾಗಿ ಕಾಣುತ್ತದೆ. ಆದರೆ ಬ್ಯಾಟರಿಯನ್ನು ‘ವಿದ್ಯುತ್ಕೋಶಮಾಲೆ’ ಮಾಡುವ ಹಠಕ್ಕೆ ಯಾವ ಸಮರ್ಥನೆಯೂ ಇಲ್ಲ.

ವ್ಯಾಕರಣದ ತೊಡಕು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಸಂಬಂಧಸೂಚಕ ಪದವು ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತದೆ. ಆದ್ದರಿಂದ ವಾಕ್ಯದಲ್ಲಿ ಒಂದು ಖಾಲಿ ಜಾಗವನ್ನು ಬಿಟ್ಟು, ವಿದ್ಯಾರ್ಥಿ ಆರಿಸಿದ ವಸ್ತುವಿನ ಹೆಸರನ್ನು ಯಂತ್ರವು ಅಲ್ಲಿ ತುಂಬಬಹುದು. ಕನ್ನಡದಲ್ಲಿ ವಿಭಕ್ತಿಯು ಪದಕ್ಕೆ ಅಂಟಿಕೊಂಡು ಬರುವುದರಿಂದ, ಖಾಲಿ ಜಾಗದಲ್ಲಿ ಭೂಮಿ ಬಂದರೆ ‘ಭೂಮಿಗೆ’, ಚಂದ್ರ ಬಂದರೆ ‘ಚಂದ್ರನಿಗೆ’, ನಕ್ಷತ್ರ ಬಂದರೆ ‘ನಕ್ಷತ್ರಕ್ಕೆ’ ಎಂದಾಗಬೇಕು. ಯಂತ್ರಕ್ಕೆ ಈ ವಿವೇಕವಿಲ್ಲ. ಅನುವಾದಕರು ವಾಕ್ಯವನ್ನೇ ಮುರಿದು, ಹೆಸರು ಪ್ರಥಮಾ ವಿಭಕ್ತಿಯ ರೂಪದಲ್ಲಿಯೇ ನಿಲ್ಲುವಂತೆ ಮತ್ತೆ ಕಟ್ಟಬೇಕಾಗುತ್ತದೆ. ಕೇಶಿರಾಜನ ಸೂತ್ರಗಳು ಭೌತಶಾಸ್ತ್ರದ ಪಾಠದಲ್ಲಿ ಹೀಗೆ ಅಡ್ಡಬರುವುದೆಂದು ಯಾರು ತಾನೇ ನಿರೀಕ್ಷಿಸಿದ್ದರು!

ಇದು ಕರ್ನಾಟಕದ ಗಡಿಯೊಳಗಿನ ಮಕ್ಕಳಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಮುಂಬಯಿ ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿಯೂ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಕನ್ನಡ ಶಾಲೆಗಳಲ್ಲಿಯೂ ಓದುವ ಮಕ್ಕಳಿಗೆ ಪುಣೆಯ ಬಾಲಭಾರತಿಯು ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸುತ್ತದೆ. ಪುಸ್ತಕ ಕನ್ನಡದ್ದು, ಆದರೆ ಗ್ರಂಥಾಲಯ, ಪೂರಕ ಓದು, ಪ್ರಯೋಗದ ಕೈಪಿಡಿ ಇವು ಕನ್ನಡದಲ್ಲಿ ದೊರೆಯುವುದು ಇಂಥ ಶಾಲೆಗಳಿಗೆ ಸುಲಭವಲ್ಲ. ಬೆಂಗಳೂರಿನಲ್ಲಿ ತುಂಬಿದ ಪದಗಳ ಪಟ್ಟಿಯು ಅಕ್ಕಲಕೋಟೆಯಲ್ಲಿಯೂ ಅದೇ ಕ್ಷಣದಲ್ಲಿ ತೆರೆದುಕೊಳ್ಳುತ್ತದೆಂಬುದು ಹೊರನಾಡಿನ ಕನ್ನಡ ಶಾಲೆಗಳ ಪಾಲಿಗೆ ಸಾಮಾನ್ಯವಾದ ಸಂಗತಿಯಲ್ಲ.

ತೆರೆದುಕೊಳ್ಳಬೇಕಾದರೆ ತೆರೆಯೊಂದು ಇರಬೇಕಷ್ಟೆ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿದಾಗ ಈ ಮಾತು ಕಟುವಾಗಿ ಮನವರಿಕೆಯಾಯಿತು. ಮನೆಯಲ್ಲಿ ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿ. ಕರ್ನಾಟಕದಲ್ಲಿ ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆಯಡಿ ಉಪಾಧ್ಯಾಯರು ಊರಿನ ಗುಡಿ, ಮರದ ನೆರಳುಗಳಿಗೆ ಹೋಗಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಮರದ ನೆರಳಿಗೆ ಬೇಕಾಗಿದ್ದುದು ಬಹುಶಃ ಪುಣೆಯ ಅರವಿಂದ ಗುಪ್ತರ ಬಗೆಯ ಜಾಲತಾಣ. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಪೆನ್ನಿನ ಕಡ್ಡಿಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡುವ ಬಗೆಯನ್ನು ತೋರಿಸಿ, ನೋಡಿದವನು ತೆರೆಯನ್ನು ಬಿಟ್ಟೆದ್ದು ಕೈಕೆಲಸಕ್ಕೆ ತೊಡಗುವಂತೆ ಮಾಡುವ ತಾಣವದು. ಅದರ ಹಲವು ಚಿತ್ರಗಳು ಕನ್ನಡದ ವಿವರಣೆಯೊಡನೆಯೂ ಇವೆ. ಪುಟವು ಉತ್ತರ ಕೊಡದಿದ್ದರೇನು, ವಾಲ್ವ್ ಟ್ಯೂಬು ಉತ್ತರ ಕೊಡುತ್ತದೆ.

ಫೆಟ್ ಅನುಕೃತಿಗಳ ಹೊಸ ರೂಪದಲ್ಲಿ ಒಂದು ಅನುಕೂಲವಿದೆ. ಅದನ್ನು ಇನ್ನೂ ಎಲ್ಲ ಶಾಲೆಗಳೂ ಗಮನಿಸಿದಂತೆ ಕಾಣುವುದಿಲ್ಲ. ಒಂದೊಂದು ಅನುಕೃತಿಯೂ ಒಂದೊಂದೇ ಕಡತ. ಒಮ್ಮೆ ಇಳಿಸಿಕೊಂಡರೆ ಜಾಲದ ಸಂಪರ್ಕವಿಲ್ಲದೆಯೂ ಅದು ಓಡುತ್ತದೆ. ಹಳೆಯ ಗಣಕವಾದರೂ ಸರಿಯೆ, ಈಚಿನ ಬ್ರೌಸರೊಂದು ಅದರಲ್ಲಿದ್ದರೆ ಸಾಕು. ಜಿಲ್ಲಾ ಕೇಂದ್ರದಲ್ಲಿ ಸಂಪರ್ಕವಿರುವ ಉಪಾಧ್ಯಾಯರೊಬ್ಬರು ಇಳಿಸಿಕೊಂಡದ್ದು ಪೆನ್ ಡ್ರೈವಿನಲ್ಲಿ ತಾಲ್ಲೂಕಿನ ಶಾಲೆಗೆ, ಅಲ್ಲಿಂದ ಹಳ್ಳಿಯ ಶಾಲೆಗೆ ಹೋಗಬಹುದು. ಓಲೆಗರಿಯ ಕಟ್ಟು ಮಠದಿಂದ ಮಠಕ್ಕೆ ಪ್ರತಿಯಾಗುತ್ತ ಹೋದ ಹಾಗೆಯೇ. ವ್ಯತ್ಯಾಸವಿಷ್ಟೆ, ಇಲ್ಲಿ ಲಿಪಿಕಾರನ ಕೈತಪ್ಪು ಸೇರಿಕೊಳ್ಳುವುದಿಲ್ಲ, ಮತ್ತು ಮೊದಲ ಪ್ರತಿಯ ಪದಪಟ್ಟಿಯಲ್ಲಿ ಕನ್ನಡದ ಸಾಲು ಖಾಲಿಯಿದ್ದರೆ ಕೊನೆಯ ಪ್ರತಿಯಲ್ಲಿಯೂ ಅದು ಖಾಲಿಯಾಗಿಯೇ ಇರುತ್ತದೆ.